ಗುಜರಿಯಿಂದ ತಂದ ಗಲ್ಫ್ ರಿಸೀವರ್: ಬಿಚ್ಚಿದ್ದು, ಸರಿ ಮಾಡಿದ್ದು, ಕೇಳಿ ನೋಡಿದ್ದು

ಮೊದಲು ಸೆಟ್ಟಿನ ಜಾತಕ ಹೇಳಿಬಿಡುತ್ತೇನೆ. ಜಪಾನಿನಲ್ಲಿ ತಯಾರಾದ ಸ್ಟೀರಿಯೊ ರಿಸೀವರ್, 1970ರ ದಶಕದ ಕೊನೆಯದ್ದು. ರೇಡಿಯೊ ಟ್ಯೂನರ್, ಸಿಗ್ನಲ್ ಹದ ಮಾಡುವ ಪ್ರೀಆಂಪ್, ಸ್ಪೀಕರ್ ಓಡಿಸುವ ಪವರ್ ಆಂಪ್ ಮೂರೂ ಒಂದೇ ಡಬ್ಬಿಯಲ್ಲಿ. ಚಾನೆಲ್‌ಗೆ 50 ವ್ಯಾಟ್, 8 ಓಮ್. ಅಲ್ಯೂಮಿನಿಯಂ ಮುಖ, ಉದ್ದನೆಯ ಗಾಜಿನ ಡಯಲ್, ದಪ್ಪ ದಪ್ಪ ನಾಬ್‌ಗಳು. ಮಂಗಳೂರಿನ ಗುಜರಿ ಅಂಗಡಿಯಲ್ಲಿ ಐದು ಸಾವಿರ ಹೇಳಿದರು, ಮೂರೂವರೆಗೆ ಇಳಿಯಿತು. "ಗಲ್ಫ್ ಮಾಲು ಮಾರಾಯ್ರೆ, ಈಗ ಇಂಥದ್ದು ಸಿಕ್ಕುವುದಿಲ್ಲ" ಎಂದರು ಅಂಗಡಿಯವರು. ಪ್ಲಗ್ ಹಾಕಿ ತೋರಿಸಿ ಎಂದದ್ದಕ್ಕೆ, ಇದ್ದ ಹಾಗೇ ತಗೊಳ್ಳಿ, ಗ್ಯಾರಂಟಿ ಇಲ್ಲ ಎಂದರು. ಅದೇ ಒಳ್ಳೆಯದಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕರಾವಳಿಯವರಿಗೆ ಇಂಥ ಸೆಟ್ಟು ಹೊಸದೇನಲ್ಲ. 1970 ಮತ್ತು 80ರ ದಶಕಗಳಲ್ಲಿ ದುಬೈ, ಕುವೈತ್, ಬಹ್ರೇನ್, ಸೌದಿಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ಸೆಂಟಿನ ಬಾಟಲಿ, ಟಾರ್ಚಿನ ಜೊತೆಗೆ ಟೇಪ್ ರೆಕಾರ್ಡರೋ ರಿಸೀವರೋ ಹೊತ್ತು ತರುತ್ತಿದ್ದರು. ಆ ಮನೆಗಳ ಷೋಕೇಸು ಈಗ ಖಾಲಿಯಾಗುತ್ತಿದೆ. ಅಲ್ಲಿಂದ ಹೊರಬಿದ್ದ ಸೆಟ್ಟುಗಳು ಗುಜರಿಗೆ ಬರುತ್ತವೆ. ಹಾಗಾಗಿ ಕಡಿಮೆ ದುಡ್ಡಿಗೆ ಒಳ್ಳೆಯ ರಿಸೀವರ್ ಬೇಕೆನ್ನುವವರಿಗೆ ನಮ್ಮ ಕಡೆ ಇದೊಂದು ದಾರಿ ಇದೆ.

ಅಂಗಡಿಯಲ್ಲಿ ನಾನು ನೋಡಿದ್ದು ಮೂರೇ. ಮೊದಲನೆಯದು ತೂಕ. ಎತ್ತಿದರೆ ಒಳ್ಳೆ ಬಲಿತ ಹಲಸಿನ ಕಾಯಿ ಎತ್ತಿದ ಹಾಗೆ ಒಂದು ಬದಿಗೆ ಜಗ್ಗಬೇಕು. ಆ ಜಗ್ಗುವ ಬದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಎರಡನೆಯದು ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು. ಮೇಲಿನ ಗಾಳಿಕಂಡಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಕಾಣುತ್ತದೆ. ಮೂರನೆಯದು ಆ ಹೀಟ್‌ಸಿಂಕಿಗೆ ಏನು ಕಚ್ಚಿಕೊಂಡಿದೆ ಎಂಬುದು. ಬಿಡಿ ಬಿಡಿ ಟ್ರಾನ್ಸಿಸ್ಟರ್‌ಗಳಿದ್ದರೆ ಖುಷಿ. ಪವರ್ ಆಂಪ್ ಇಡಿಯಾಗಿ ಒಂದರಲ್ಲೇ ಅಡಗಿದ, ಉದ್ದನೆಯ ಕಪ್ಪು ಎಸ್‌ಟಿಕೆ ಐಸಿ ಒಂದೇ ಇದ್ದರೆ ಬೆಲೆ ಇನ್ನೂ ಇಳಿಸಬೇಕು. ಎಸ್‌ಟಿಕೆ ಕೆಟ್ಟದೇನಲ್ಲ, ಆದರೆ ಸುಟ್ಟರೆ ಅಸಲಿ ಸಿಕ್ಕುವುದು ಕಷ್ಟ. ನಕಲಿ ಬೇಕಾದಷ್ಟಿವೆ.

ಹಳೆ ರಿಸೀವರ್ ಕೊಳ್ಳುವಾಗ ನಾವು ದುಡ್ಡು ಕೊಡುವುದು ಟ್ರಾನ್ಸ್‌ಫಾರ್ಮರಿಗೆ, ಹೀಟ್‌ಸಿಂಕಿಗೆ, ಪೆಟ್ಟಿಗೆಗೆ. ಈ ಮೂರನ್ನು ಆಮೇಲೆ ಬದಲಾಯಿಸಲು ಆಗುವುದಿಲ್ಲ. ಉಳಿದದ್ದು ಅಂದರೆ ರಿಲೇ (ಸ್ಪೀಕರಿಗೆ ದಾರಿ ತೆರೆಯುವ ಒಳಗಿನ ಸ್ವಿಚ್ಚು), ಕೆಪಾಸಿಟರ್ (ಕರೆಂಟು ತುಂಬಿಟ್ಟುಕೊಳ್ಳುವ ಬಿಡಿಭಾಗ), ಬಲ್ಬು, ಸವೆದ ನಾಬು. ಇವೇ ಹಾಳಾಗುವುದು, ಇವೇ ಅಗ್ಗ. ಜನ ಉಲ್ಟಾ ಮಾಡುತ್ತಾರೆ. ಡಯಲ್ ಚಂದ ಬೆಳಗಿದರೆ ಎಂಟು ಸಾವಿರ ಕೊಡುತ್ತಾರೆ, ಒಂದು ಬದಿ ಸೌಂಡು ಬರಲಿಲ್ಲ ಅಂದರೆ ಬಿಟ್ಟು ಹೋಗುತ್ತಾರೆ.

ಇನ್ನು ವ್ಯಾಟಿನ ಮಾತು. ಮುಖದ ಮೇಲೆ ಬರೆದ ವ್ಯಾಟ್ ನಂಬಬೇಕೋ ಬೇಡವೋ? ಆ ಕಾಲದ ಜಪಾನಿ ಸೆಟ್ಟುಗಳ ಮಟ್ಟಿಗೆ ಹೆಚ್ಚುಕಡಿಮೆ ನಂಬಬಹುದು. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಜಾಹೀರಾತಿನಲ್ಲಿ ವ್ಯಾಟ್ ಹೇಳುವುದಾದರೆ ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗಿನ, ನಿರಂತರವಾಗಿ ಕೊಡಬಲ್ಲ ವ್ಯಾಟ್ ಹೇಳಬೇಕು. ಎಷ್ಟು ಓಮಿಗೆ, ಎಷ್ಟು ಡಿಸ್ಟಾರ್ಶನ್‌ನಲ್ಲಿ (ಸದ್ದು ಕೆಡುವ ಪ್ರಮಾಣ) ಎಂಬುದೂ ಜೊತೆಗಿರಬೇಕು. ಅಮೆರಿಕಕ್ಕೆ ಮಾರುತ್ತಿದ್ದ ಜಪಾನಿನವರೂ ಅದೇ ಲೆಕ್ಕಕ್ಕೆ ಬಂದರು. ನಮ್ಮಲ್ಲಿ 90ರ ದಶಕದಲ್ಲಿ ಡಬ್ಬಿಗಳ ಮೇಲೆ ಸಾವಿರಗಟ್ಟಲೆ ಪಿಎಂಪಿಒ (ಉಬ್ಬಿಸಿದ ಕ್ಷಣಿಕ ವ್ಯಾಟ್ ಲೆಕ್ಕ) ಬರೆದು ಮಾರುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮನೆಗೆ ತಂದು ಮೊದಲು ನೋಡಿದ್ದು ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್. 110, 127, 220, 240 ಅಂತ ನಾಲ್ಕು ಸ್ಥಾನ. ಬಾಣದ ಗುರುತು 127ರಲ್ಲಿತ್ತು! ಸೌದಿಯಲ್ಲಿ ಆಗ ಮನೆಗಳಿಗೆ 127 ವೋಲ್ಟ್ ಬರುತ್ತಿತ್ತು, ಕುವೈತಿನಲ್ಲಿ 240. ಅಂದರೆ ಇದು ಸೌದಿಯಿಂದ ಬಂದ ಗಿರಾಕಿ. ಊರಿಗೆ ಬಂದ ಮೇಲೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಿದ್ದಿರಬೇಕು. ಅಂಗಡಿಯಲ್ಲಿ ಹಾಗೇ ಪ್ಲಗ್ ಚುಚ್ಚಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು 240ಕ್ಕೆ ತಿರುಗಿಸಿದೆ. ನಮ್ಮ ಲೆಕ್ಕದ ಕರೆಂಟು 230, ಆದರೆ ರಾತ್ರಿ ಹೊತ್ತು ಮೀಟರ್ ಇಟ್ಟರೆ 240 ದಾಟುವುದುಂಟು. 220ರಲ್ಲಿಟ್ಟರೆ ಒಳಗಿನ ಎಲ್ಲ ವೋಲ್ಟೇಜೂ ಸುಮ್ನೆ ಹತ್ತು ಪರ್ಸೆಂಟ್ ಏರುತ್ತದೆ.

ಫ್ಯೂಸ್ ಹೋಲ್ಡರ್ ಬಿಚ್ಚಿದರೆ ಫ್ಯೂಸಿನ ಮೇಲೆ ವಯರಿನ ಎಳೆ ಸುತ್ತಿತ್ತು. ಯಾವ ಪುಣ್ಯಾತ್ಮರೋ. ಅದನ್ನು ಕಿತ್ತು, 240ಕ್ಕೆ ತಕ್ಕಂತೆ 2 ಆಂಪಿನ ಸ್ಲೋ ಬ್ಲೋ ಫ್ಯೂಸ್ (ಕ್ಷಣಿಕ ಏರಿಕೆಗೆ ಸುಡದ್ದು) ಹಾಕಿದೆ. 120ಕ್ಕೆ ಬೇಕಾಗುವ ಫ್ಯೂಸಿನ ಅರ್ಧ ರೇಟಿಂಗ್ ಸಾಕು. ಮೇನ್ಸ್ ವಯರು ಒಣಗಿ ಬಿರುಕು ಬಿಟ್ಟಿತ್ತು, ಅದನ್ನೂ ಹೊಸದು ಮಾಡಿದೆ.

ಮುಚ್ಚಳ ತೆಗೆದರೆ ನಿರೀಕ್ಷಿಸಿದ್ದೇ. ಧೂಳು, ಹಲ್ಲಿಯ ಮೊಟ್ಟೆ ಸಿಪ್ಪೆ, ಒಂದು ಮೂಲೆಯಲ್ಲಿ ಇರುವೆ ಮಣ್ಣು. ಪೇಂಟ್ ಬ್ರಷ್ಷಿನಿಂದ ಉದುರಿಸಿ ಬ್ಲೋವರ್ ಹಿಡಿದೆ. ಕರಾವಳಿಯ ಸೆಟ್ಟುಗಳಲ್ಲಿ ಧೂಳಿಗಿಂತ ಉಪ್ಪುಗಾಳಿಯ ಕಾಟ ಜಾಸ್ತಿ. ಚಾಸಿಯ ಅಂಚುಗಳಲ್ಲಿ ಬಿಳಿ ಹುಡಿ, ಸ್ಕ್ರೂಗಳಲ್ಲಿ ತುಕ್ಕು. ಆದರೆ ಟ್ರಾನ್ಸ್‌ಫಾರ್ಮರ್ ಚೊಕ್ಕವಾಗಿತ್ತು. ಸುಟ್ಟ ವಾಸನೆ ಇಲ್ಲ, ವಾರ್ನಿಷ್ ಕರಗಿಲ್ಲ. ಮೂರೂವರೆ ಸಾವಿರ ಅಲ್ಲಿಗೇ ವಸೂಲು ಅನ್ನಿಸಿತು.

ಎಷ್ಟೋ ವರ್ಷ ಮಲಗಿದ್ದ ಸೆಟ್ಟನ್ನು ನೇರ ಮೇನ್ಸಿಗೆ ಕೊಡಬಾರದು. ಸೀರೀಸ್ ಬೋರ್ಡ್ ಕಟ್ಟಿಕೊಳ್ಳಿ. ಫೇಸ್ ವಯರಿನ ನಡುವೆ 100 ವ್ಯಾಟಿನ ಹಳೆ ಮಾದರಿಯ ಫಿಲಮೆಂಟ್ ಬಲ್ಬು, ಅಷ್ಟೇ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಬದುಕುತ್ತದೆ. ಸರಿ ಇದ್ದರೆ ದೊಡ್ಡ ಕೆಪಾಸಿಟರ್ ತುಂಬುವವರೆಗೆ ಒಮ್ಮೆ ಬೆಳಗಿ ಮಂಕಾಗುತ್ತದೆ. ನನ್ನದು ಬೆಳಗಿ ಮಂಕಾಯಿತು. ನಾಲ್ಕೈದು ಸೆಕೆಂಡಿನ ಮೇಲೆ ಒಳಗಿಂದ "ಟಕ್" ಎಂಬ ಸದ್ದು ಬಂತು. ಅದು ಪ್ರೊಟೆಕ್ಷನ್ ರಿಲೇ. ಆ ಟಕ್ ಬಂತು ಅಂದರೆ ಅರ್ಧ ಗೆದ್ದ ಹಾಗೆ. ಔಟ್‌ಪುಟ್ಟಿನಲ್ಲಿ ಡಿಸಿ (ಸ್ಪೀಕರ್ ಸುಡುವ ಒಂದೇ ದಿಕ್ಕಿನ ಕರೆಂಟು) ಇದ್ದರೆ ರಿಲೇ ಹಿಡಿಯುವುದೇ ಇಲ್ಲ.

ಆದರೂ ಸ್ಪೀಕರ್ ಕೊಡುವ ಮೊದಲು ಮೀಟರ್ ಇಟ್ಟು ನೋಡಬೇಕು. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಎಡಕ್ಕೆ 12 ಮಿಲಿವೋಲ್ಟ್, ಬಲಕ್ಕೆ 31. 50ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ನೂರು ದಾಟಿದರೆ ಹುಡುಕಬೇಕು.

ಹಾಳಾದರೂ ಬೇಸರವಿಲ್ಲದ ಒಂದು ಜೊತೆ ಸ್ಪೀಕರ್ ಜೋಡಿಸಿದೆ. ಎಡಬದಿ ಬಂತು. ಬಲಬದಿ ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಫಟ್ಟನೆ ಬರುತ್ತದೆ, ಕಡಿಮೆ ಮಾಡಿದರೆ ಗರಗರ ಅಂದು ಮತ್ತೆ ಮಾಯ. ಈ ಲಕ್ಷಣ ಕಂಡರೆ ಟ್ರಾನ್ಸಿಸ್ಟರ್ ಕೀಳಲು ಹೋಗಬೇಡಿ. ಹತ್ತರಲ್ಲಿ ಎಂಟು ಸಲ ಅದು ರಿಲೇ. ಕಾಂಟ್ಯಾಕ್ಟಿನ ಮೇಲೆ ಕಪ್ಪು ಪದರ ಕಟ್ಟಿರುತ್ತದೆ. ಸಣ್ಣ ಸಿಗ್ನಲ್ ಅದನ್ನು ದಾಟುವುದಿಲ್ಲ, ದೊಡ್ಡ ಸಿಗ್ನಲ್ ಬಂದಾಗ ಪದರ ಹರಿದು ದಾರಿ ಬಿಡುತ್ತದೆ.

ಖಾತ್ರಿ ಮಾಡಿಕೊಳ್ಳಲು ಹೆಡ್‌ಫೋನ್ ಹಾಕಿ ನೋಡಿ ಎನ್ನುವವರಿದ್ದಾರೆ. ಕೆಲವು ಸೆಟ್ಟುಗಳಲ್ಲಿ ಹೆಡ್‌ಫೋನ್ ರಿಲೇಗಿಂತ ಮೊದಲೇ ಕವಲೊಡೆಯುತ್ತದೆ, ಕೆಲವದರಲ್ಲಿ ಆಮೇಲೆ. ಹಾಗಾಗಿ ಅದು ಪೂರ್ತಿ ಸಾಕ್ಷಿಯಲ್ಲ. ನಾನು ಮಾಡಿದ್ದು ಬೇರೆ. ಕಡಿಮೆ ವಾಲ್ಯೂಮಿನಲ್ಲಿ ರೇಡಿಯೊ ಹಚ್ಚಿ, ಮೀಟರನ್ನು ಎಸಿಗೆ ಹಾಕಿ, ರಿಲೇಯ ಒಳಬದಿಯ ಕಾಲು ಮತ್ತು ಹೊರಬದಿಯ ಕಾಲನ್ನು ಅಳೆದೆ. ಒಳಬದಿಯಲ್ಲಿ ಸಿಗ್ನಲ್ ಕುಣಿಯುತ್ತಿದೆ, ಹೊರಬದಿಯಲ್ಲಿ ಸೊನ್ನೆ. ಇನ್ನೇನು ಬೇಕು?

ಹಳೆ ರಿಲೇಯ ಪ್ಲಾಸ್ಟಿಕ್ ಟೋಪಿ ತೆಗೆದು ಕಾಂಟ್ಯಾಕ್ಟ್ ತೊಳೆಯಬಹುದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ವಿಸಿಟಿಂಗ್ ಕಾರ್ಡಿನ ತುಂಡನ್ನು ಎರಡು ಕಾಂಟ್ಯಾಕ್ಟಿನ ನಡುವೆ ಇಟ್ಟು, ಬೆರಳಿನಿಂದ ಮುಚ್ಚಿ ಹಿಡಿದು, ಮೆಲ್ಲಗೆ ಎಳೆಯಬೇಕು. ಕಪ್ಪು ಕಾಗದಕ್ಕೆ ಬರುತ್ತದೆ. ಸ್ಯಾಂಡ್‌ಪೇಪರ್ ಮಾತ್ರ ಬೇಡ. ಮೇಲಿನ ಬೆಳ್ಳಿಯ ಲೇಪ ಉಜ್ಜಿ ಹೋದರೆ ಆ ರಿಲೇ ಮತ್ತೆ ಬಾಳುವುದಿಲ್ಲ. ನಾನು ತೊಳೆದು ನೋಡಿದೆ, ಎರಡೂ ಬದಿ ಬಂತು. ರೋಗ ಇದೇ ಎಂದು ಗೊತ್ತಾದ ಮೇಲೆ ಹೊಸದನ್ನೇ ಹಾಕಿದೆ. ಈ ಹವೆಯಲ್ಲಿ ತೊಳೆದ ಕಾಂಟ್ಯಾಕ್ಟ್ ಒಂದು ಮಳೆಗಾಲ ಕಳೆದರೆ ಹೆಚ್ಚು.

ಹೊಸ ರಿಲೇ ತರುವಾಗ ಕಾಯಿಲ್ ವೋಲ್ಟೇಜ್ 24 ಇದ್ದರೆ ಸಾಲದು, ಎರಡು ಜೊತೆ ಕಾಂಟ್ಯಾಕ್ಟ್ ಇರಬೇಕು, 5 ಆಂಪ್ ತಡೆಯಬೇಕು, ಕಾಲುಗಳ ಅಂತರ ಬೋರ್ಡಿಗೆ ಕೂರಬೇಕು. ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಉತ್ತಮ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಅಲ್ಲಿ ಅಂಗಡಿ ಅಂಗಡಿ ಸುತ್ತಿದರೆ ಹೊಂದುವ ರಿಲೇ ಎಲ್ಲೋ ಸಿಕ್ಕೀತು. ನಮಗೆ ಆ ಭಾಗ್ಯ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ, 160 ರೂಪಾಯಿ.

ನಾಬ್‌ಗಳ ಗರಗರ ಸುಲಭದ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ಸಣ್ಣ ಕೊಳವೆಯನ್ನು ವಾಲ್ಯೂಮ್ ಕಂಟ್ರೋಲಿನ ಹಿಂದಿನ ತೂತಿಗೆ ಇಟ್ಟು ಒಂದೇ ಒಂದು ಸಲ ಒತ್ತಿ, ಆ ತುದಿಯಿಂದ ಈ ತುದಿಗೆ ಚೆನ್ನಾಗಿ ತಿರುಗಿಸಬೇಕು. ಬಾಗಿಲ ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಧೂಳು ಅಂಟುತ್ತದೆ. ಬೇಸ್, ಟ್ರೆಬಲ್, ಬ್ಯಾಲೆನ್ಸ್, ಸೆಲೆಕ್ಟರ್, ಸ್ಪೀಕರ್ ಎ–ಬಿ ಸ್ವಿಚ್ಚು ಎಲ್ಲಕ್ಕೂ ಇದೇ ಉಪಚಾರ. ಟೇಪ್ ಮಾನಿಟರ್ ಗುಂಡಿಯನ್ನು ಮರೆಯಬೇಡಿ. ಅದು ಒತ್ತಿದ್ದರೆ ಸೆಟ್ಟು ಟೇಪಿನಿಂದ ಬರುವ ಸಿಗ್ನಲ್ಲಿಗೆ ಕಾಯುತ್ತಾ ಕೂರುತ್ತದೆ, ರೇಡಿಯೊ ಕೇಳಿಸುವುದಿಲ್ಲ. ಅದೊಂದು ಗುಂಡಿಯ ದೆಸೆಯಿಂದ ಎಷ್ಟು ಒಳ್ಳೆಯ ಸೆಟ್ಟುಗಳು "ಡೆಡ್" ಎಂದು ಗುಜರಿ ಸೇರಿವೆಯೋ!

ಇನ್ನು ಕೆಪಾಸಿಟರ್. ಹಳೆ ಸೆಟ್ಟು ಸಿಕ್ಕಿದ ಕೂಡಲೇ ಎಲ್ಲ ಕೆಪಾಸಿಟರ್ ಕಿತ್ತು ಹೊಸದು ಹಾಕಬೇಕು ಎನ್ನುವ ಒಂದು ಪಂಗಡ ಇದೆ. ನಾನು ಆ ಪಂಗಡದವನಲ್ಲ. ದೊಡ್ಡವು ಎರಡು, 10,000 ಎಂಎಫ್‌ಡಿ (ಮೈಕ್ರೋಫ್ಯಾರಡ್) 50 ವೋಲ್ಟಿನವು. ಉಬ್ಬಿಲ್ಲ, ಸೋರಿಲ್ಲ, ಒಳಗಿನ ತಡೆ ಅಳೆಯುವ ಇಎಸ್‌ಆರ್ ಮೀಟರ್ ಚೆನ್ನಾಗಿದೆ ಎಂದಿತು. ಸ್ಪೀಕರಿಗೆ ಕಿವಿ ಇಟ್ಟರೆ ಹಮ್ಮಿಂಗ್ ಕೂಡ ಇಲ್ಲ. ಇವು ಸೋತಿದ್ದರೆ 100 ಹರ್ಟ್ಜಿನ ಗುಂಯ್ ಕೇಳುತ್ತದೆ. 50 ಹರ್ಟ್ಜಿನ ಕರೆಂಟನ್ನು ನಾಲ್ಕು ಡಯೋಡು ಡಿಸಿಗೆ ತಿರುಗಿಸುವಾಗ ಉಳಿಯುವ ಅಲೆ 100ರದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಆ ಗುಂಯ್ ಹಾಗೇ ಇರುತ್ತದೆ. ವಾಲ್ಯೂಮಿನ ಜೊತೆಗೆ ಏರಿಳಿಯುವ ಹಮ್ಮಿಂಗ್ ಆದರೆ ಕೇಬಲ್ಲೋ ಅರ್ಥಿಂಗೋ ನೋಡಬೇಕು. ಇಷ್ಟು ತಿಳಿದಿದ್ದರೆ ಎಷ್ಟೋ ಖರ್ಚು ಉಳಿಯುತ್ತದೆ. ಅಂದ ಹಾಗೆ, ಇವುಗಳಲ್ಲಿ ಸುಮಾರು 38 ವೋಲ್ಟ್ ತುಂಬಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು. 100 ಓಮ್ 5 ವ್ಯಾಟಿನ ರೆಸಿಸ್ಟರ್ ಹಿಡಿದು ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಹಾಕಿ ಕಿಡಿ ಹಾರಿಸುವ ಮೆಕ್ಯಾನಿಕ್‌ಗಳ ಶೌರ್ಯ ನಮಗೆ ಬೇಡ.

ಬದಲಾಯಿಸಿದ್ದು ಚಿಕ್ಕವುಗಳನ್ನು. ಪ್ರೀಆಂಪ್ ಮತ್ತು ಟೋನ್ ಬೋರ್ಡಿನಲ್ಲಿ ಸಿಗ್ನಲ್ ಹಾದುಹೋಗುವ ದಾರಿಯ 1ರಿಂದ 10 ಎಂಎಫ್‌ಡಿವರೆಗಿನವು ಒಣಗಿದ್ದವು. 105 ಡಿಗ್ರಿಯವನ್ನು ಹಾಕಿದೆ. ಪವರ್ ಸಪ್ಲೈ ಬೋರ್ಡಿನಲ್ಲಿ ಕೆಪಾಸಿಟರ್ ಹಿಡಿದಿಡಲು ಕಂಪನಿಯಲ್ಲೇ ಹಾಕಿದ್ದ ಗೋಂದು ಕಂದು ಬಣ್ಣಕ್ಕೆ ತಿರುಗಿತ್ತು. ಆ ಕಾಲದ ಗೋಂದು ಹಳತಾದರೆ ತಾಮ್ರ, ಡಯೋಡಿನ ಕಾಲುಗಳನ್ನು ತಿನ್ನುತ್ತದೆ, ಸಾಲದ್ದಕ್ಕೆ ಕರೆಂಟನ್ನೂ ಹಾಯಿಸುತ್ತದೆ. ಕೂತು ಕೆರೆದು ತೆಗೆದೆ. ಇಡೀ ರಿಪೇರಿಯಲ್ಲಿ ಬೇಸರದ ಕೆಲಸ ಅದೊಂದೇ. ಹೀಟ್‌ಸಿಂಕಿನ ಹತ್ತಿರ ಎರಡು ಕಡೆ ಡ್ರೈ ಸೋಲ್ಡರ್ (ಹಿಡಿತ ಬಿಟ್ಟ ಬೆಸುಗೆ) ಇತ್ತು, ಬಿಸಿ ಮಾಡಿ ಹೊಸ ಸೋಲ್ಡರ್ ಕೊಟ್ಟೆ.

ಬಯಾಸ್, ಅಂದರೆ ಸದ್ದಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟು, ನೋಡಿದೆ, ಮುಟ್ಟಲಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಎಮಿಟರಿನಲ್ಲಿ 0.22 ಓಮಿನ ಎರಡು ಸಿಮೆಂಟ್ ರೆಸಿಸ್ಟರ್‌ಗಳಿವೆ. ಅರ್ಧ ಗಂಟೆ ಬಿಸಿಯಾದ ಮೇಲೆ ಎರಡರ ಮೇಲೂ ಸೇರಿಸಿ 10 ಮಿಲಿವೋಲ್ಟ್ ತೋರಿಸಿತು. ಅಂದರೆ ಸುಮಾರು 23 ಮಿಲಿಆಂಪ್. ಎರಡೂ ಚಾನೆಲ್ ಹೆಚ್ಚುಕಡಿಮೆ ಸಮ. ಹಾಗಿರುವಾಗ ನಲವತ್ತು ವರ್ಷ ದಾಟಿದ ಪ್ರೀಸೆಟ್ (ಬೋರ್ಡಿನ ಮೇಲಿನ ಸಣ್ಣ ಹೊಂದಿಸುವ ತಿರುಪು) ತಿರುಗಿಸುವುದು ಯಾಕೆ? ಒಳಗಿನ ಕಾಂಟ್ಯಾಕ್ಟ್ ಒಂದು ಕ್ಷಣ ಬಿಟ್ಟರೂ ಟ್ರಾನ್ಸಿಸ್ಟರ್ ಹಾರಿಹೋಗಬಹುದು.

ಡಯಲಿನ ಬಲ್ಬುಗಳು ಫ್ಯೂಸಿನ ಆಕಾರದವು, 8 ವೋಲ್ಟ್. ಅದೇ ಅಳತೆಯ ವಾರ್ಮ್ ಎಲ್‌ಇಡಿ ಹಾಕಿದೆ. ಮೂಲದ ಹಳದಿ ಬೆಳಕಿನ ಚಂದ ಬರಲಿಲ್ಲ, ಇರಲಿ.

ಎಫ್‌ಎಂ ಬರುತ್ತಿತ್ತು, ಸ್ಟೀರಿಯೊ ದೀಪ ಹತ್ತುತ್ತಿರಲಿಲ್ಲ. ಮೊದಲು ಆಂಟೆನಾ. ಬರೀ ಒಂದು ವಯರಿನ ತುಂಡು ಚುಚ್ಚಿ ಸ್ಟೀರಿಯೊ ಬರಲಿ ಎಂದರೆ ಹೇಗೆ? 75 ಸೆಂಟಿಮೀಟರಿನ ಎರಡು ತೋಳಿನ ಡೈಪೋಲ್ ಮಾಡಿ ಕಿಟಕಿಯ ಮೇಲೆ ಕಟ್ಟಿದೆ. 100 ಮೆಗಾಹರ್ಟ್ಜಿನ ತರಂಗ 3 ಮೀಟರ್, ಅದರ ಕಾಲು ಭಾಗ ಒಂದು ತೋಳು. ಆಕಾಶವಾಣಿ ಮಂಗಳೂರಿನ 100.3 ಗಟ್ಟಿಯಾಗಿ ಬಂತು, ದೀಪ ಮಾತ್ರ ಇಲ್ಲ. ಸ್ಟೀರಿಯೊ ಪ್ರಸಾರದೊಳಗೆ 19 ಕಿಲೋಹರ್ಟ್ಜಿನ ಒಂದು ಪೈಲಟ್ ಸಿಗ್ನಲ್ ಇರುತ್ತದೆ. ಸೆಟ್ಟಿನ ಒಳಗಿನ ಆಸಿಲೇಟರ್ ಅದಕ್ಕೆ ಹೊಂದಿಕೊಂಡರೆ ಎಡ, ಬಲ ಬೇರೆಯಾಗುತ್ತವೆ. ವಯಸ್ಸಾದಂತೆ ಆ ಆಸಿಲೇಟರ್ ಜಾರುತ್ತದೆ. ಸರಿಯಾದ ಕ್ರಮ ಫ್ರೀಕ್ವೆನ್ಸಿ ಕೌಂಟರ್ ಇಟ್ಟು ಹೊಂದಿಸುವುದು. ನನ್ನ ಹತ್ತಿರ ಕೌಂಟರ್ ಇಲ್ಲ. ಹಳೆ ಮೆಕ್ಯಾನಿಕ್‌ಗಳ ಉಪಾಯ ಒಂದಿದೆ. ಪ್ರೀಸೆಟ್ಟಿನ ಮೊದಲಿನ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಮೆಲ್ಲಗೆ ತಿರುಗಿಸುತ್ತಾ ದೀಪ ಹತ್ತುವ ಜಾಗ, ಆರುವ ಜಾಗ ನೋಡಿ. ಎರಡರ ನಡುಮಧ್ಯೆ ನಿಲ್ಲಿಸಿ. ದೀಪ ಹತ್ತಿತು, ಚಾನೆಲ್ ಬೇರೆಯಾಯಿತು.

ಎಫ್‌ಎಂ ಆಸೆಗೆ ಹಳೆ ಸೆಟ್ಟು ಕೊಳ್ಳುವವರಿಗೆ ಒಂದು ಮಾತು. ಜಪಾನಿನ ಒಳಗೆ ಮಾರಲು ಮಾಡಿದ ಸೆಟ್ಟುಗಳಲ್ಲಿ ಡಯಲ್ 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ. 100 ವೋಲ್ಟಿನ ಗೋಳು ಬೇರೆ. ಅಮೆರಿಕದ್ದಾದರೆ ಡಯಲ್ ಸರಿ, ಆದರೆ ಡಿಎಂಫಸಿಸ್ (ಪ್ರಸಾರದಲ್ಲಿ ಏರಿಸಿದ ಮೇಲಿನ ಸ್ವರವನ್ನು ಸೆಟ್ಟು ಇಳಿಸುವ ಲೆಕ್ಕ) 75 ಮೈಕ್ರೋಸೆಕೆಂಡ್. ನಮ್ಮದು 50. ಹಾಗಾಗಿ ಮೇಲಿನ ಸ್ವರ ಸ್ವಲ್ಪ ಮಂಕಾಗಿ ಕೇಳುತ್ತದೆ. ಡಿಜಿಟಲ್ ಟ್ಯೂನರ್ ಇದ್ದರೆ ಮೀಡಿಯಂ ವೇವ್ 10 ಕಿಲೋಹರ್ಟ್ಜಿನ ಹೆಜ್ಜೆಯಲ್ಲಿ ಹೋಗುತ್ತದೆ, ನಮ್ಮ ಕೇಂದ್ರಗಳಿರುವುದು 9ರ ಹೆಜ್ಜೆಯಲ್ಲಿ. ಬೆಂಗಳೂರು ಆಕಾಶವಾಣಿಯ 612ಕ್ಕೆ ನಿಲ್ಲಿಸಲು ಆಗುವುದಿಲ್ಲ, 610 ಬರುತ್ತದೆ. ಗಲ್ಫ್ ಸೆಟ್ಟುಗಳಲ್ಲಿ ಈ ತಾಪತ್ರಯ ಕಡಿಮೆ.

ಈಗ ಕೇಳಿದ ಮಾತು. ಜೋಡಿಸಿದ್ದು ಆರೂವರೆ ಇಂಚಿನ ವೂಫರಿರುವ ಬುಕ್‌ಷೆಲ್ಫ್ ಸ್ಪೀಕರ್, ಸೆನ್ಸಿಟಿವಿಟಿ (ಕೊಟ್ಟ ವ್ಯಾಟಿಗೆ ಎಷ್ಟು ಜೋರು ಎಂಬ ಲೆಕ್ಕ) 88 ಡಿಬಿ, ಅಂದರೆ ಡೆಸಿಬಲ್. ಪರೀಕ್ಷೆಗೆ ನನ್ನ ಆಯ್ಕೆ ಯಕ್ಷಗಾನದ ಧ್ವನಿಮುದ್ರಣ. ಭಾಗವತರ ಪದ, ಮದ್ದಳೆ, ಆಮೇಲೆ ಏಕಾಏಕಿ ಚಂಡೆ. ಚಂಡೆಯ ಪೆಟ್ಟಿಗೆ ಒದ್ದಾಡದೆ ಇದ್ದರೆ ಆಂಪ್ಲಿಫೈಯರ್ ಗಟ್ಟಿ ಎಂದು ಲೆಕ್ಕ. ಇದು ಒದ್ದಾಡಲಿಲ್ಲ. ಪೆಟ್ಟು ಪೆಟ್ಟಾಗಿಯೇ ಬಂತು, ಪದದ ಅಕ್ಷರ ಅದರಡಿ ಹೂತುಹೋಗಲಿಲ್ಲ.

ಕೇಳುತ್ತಿರುವಾಗಲೇ ಸ್ಪೀಕರ್ ಟರ್ಮಿನಲ್ಲಿಗೆ ಮೀಟರ್ ಇಟ್ಟೆ. ರಾತ್ರಿ ಮನೆಯವರಿಗೆ ತೊಂದರೆಯಾಗದಷ್ಟು ಸೌಂಡಿಗೆ ಅಂದಾಜು 1 ವೋಲ್ಟ್. 8 ಓಮಿಗೆ ಅದು ಒಂದು ವ್ಯಾಟಿನ ಎಂಟನೇ ಒಂದು ಭಾಗ! ಚಂಡೆಯ ಪೆಟ್ಟು ಸರಾಸರಿಗಿಂತ 20 ಡಿಬಿ ಮೇಲೆ ಹೋಯಿತು ಎಂದುಕೊಳ್ಳಿ, ಅಂದರೆ ನೂರು ಪಟ್ಟು. ಆಗಲೂ 12 ವ್ಯಾಟಿನ ಸುತ್ತಮುತ್ತ. ನಮ್ಮ ಹಾಲಿಗೆ 50 ವ್ಯಾಟ್ ಧಾರಾಳ. 50ರ ಬದಲು 100 ವ್ಯಾಟ್ ತಂದರೆ ಸಿಗುವುದು 3 ಡಿಬಿ ಅಷ್ಟೇ. ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆ ದುಡ್ಡನ್ನು ಸ್ಪೀಕರಿಗೆ ಹಾಕುವುದು ಲೇಸು, ಅಲ್ವಾ?

ಕಿರಿಕಿರಿಯೂ ಇದೆ. ಹಳೆ ರಿಸೀವರಿನ ಆಕ್ಸ್ ಇನ್‌ಪುಟ್‌ಗೆ (ಹೊರಗಿನ ಸಾಧನ ಜೋಡಿಸುವ ಜಾಗ) 150 ಮಿಲಿವೋಲ್ಟ್ ಸಾಕು. ಈಗಿನ ಸಿಡಿ ಪ್ಲೇಯರ್, ಡ್ಯಾಕ್‌ಗಳು (ಡಿಜಿಟಲ್ ಹಾಡನ್ನು ಸಿಗ್ನಲ್ಲಿಗೆ ತಿರುಗಿಸುವ ಡಬ್ಬಿಗಳು) 2 ವೋಲ್ಟ್ ಕೊಡುತ್ತವೆ. ವಾಲ್ಯೂಮ್ ನಾಬು ಸ್ವಲ್ಪ ಸರಿದರೆ ಸಾಕು, ಮನೆ ಅದುರುತ್ತದೆ. ಆ ಶುರುವಿನ ಜಾಗದಲ್ಲಿ ನಾಬಿನ ಎಡ, ಬಲ ಸಮ ಇರುವುದಿಲ್ಲ, ಸೌಂಡು ಒಂದು ಬದಿಗೆ ವಾಲುತ್ತದೆ. ಕೇಬಲಿನಲ್ಲಿ ಪ್ರತಿ ಚಾನೆಲ್‌ಗೆ ಸಾಲಾಗಿ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 4.7 ಕಿಲೋಓಮ್ ಹಾಕಿದೆ. ಸಿಗ್ನಲ್ ಹತ್ತು ಡಿಬಿ ಇಳಿಯಿತು, ನಾಬು ಈಗ ಹತ್ತು ಗಂಟೆಯ ಜಾಗದಲ್ಲಿ ನಿಲ್ಲುತ್ತದೆ. ಐದು ರೂಪಾಯಿಯ ಈ ಕೆಲಸದಷ್ಟು ಲಾಭ ಕೊಟ್ಟದ್ದು ಬೇರೊಂದಿಲ್ಲ.

ಲೌಡ್‌ನೆಸ್ ಗುಂಡಿ ನೋಡಿದರೆ ಮೂಗು ಮುರಿಯುವ ಹೈಫೈ ಪಂಡಿತರಿದ್ದಾರೆ. ಸಣ್ಣ ಸೌಂಡಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಗುಂಡಿ ಇರುವುದೇ ಅದಕ್ಕೆ. ರಾತ್ರಿ ನಾನು ಧೈರ್ಯವಾಗಿ ಒತ್ತುತ್ತೇನೆ.

ಹೊಸದು ಕೊಂಡರೆ ಆಗದೇ? ಆಗುತ್ತದೆ. ಸೋಲ್ಡರಿಂಗ್ ಐರನ್ ಹಿಡಿಯುವ ಅಭ್ಯಾಸ ಇಲ್ಲದವರು, ರಿಮೋಟ್ ಬೇಕೇ ಬೇಕು ಎನ್ನುವವರು ಯಮಹಾ ಆರ್-ಎಸ್202ರಂಥ ಸಾದಾ ಸ್ಟೀರಿಯೊ ರಿಸೀವರ್ ನೋಡಬಹುದು. ಬ್ಲೂಟೂತ್ ಇದೆ, ಟರ್ನ್‌ಟೇಬಲ್ ಜೋಡಿಸುವ ಫೋನೊ ಇನ್‌ಪುಟ್ ಇಲ್ಲ. ಸೋನಿ ಎಸ್‌ಟಿಆರ್-ಡಿಎಚ್190ರಲ್ಲಿ ಎರಡೂ ಇವೆ. ಹಾಡು, ಯಕ್ಷಗಾನ ಕೇಳುವುದೇ ಮುಖ್ಯ ಎನ್ನುವವರು ಐದಾರು ಸ್ಪೀಕರಿನ ಹಳೆ ಹೋಮ್ ಥಿಯೇಟರ್ ರಿಸೀವರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಡಿಜಿಟಲ್ ಬೋರ್ಡ್ ಕೈಕೊಟ್ಟರೆ ನಮ್ಮಂಥವರಿಗೆ ರಿಪೇರಿ ದಕ್ಕುವುದಿಲ್ಲ.

ಖರ್ಚು: ರಿಲೇ 160, ಕೆಪಾಸಿಟರ್‌ಗಳು 280, ಸ್ಪ್ರೇ 350, ಎಲ್‌ಇಡಿ, ಫ್ಯೂಸ್, ವಯರು ಸೇರಿ 200ರ ಹತ್ತಿರ. ಸೆಟ್ಟಿನ ಬೆಲೆಯೂ ಸೇರಿ ನಾಲ್ಕೂವರೆ ಸಾವಿರದ ಹತ್ತಿರ. ಫೋನೊ ಇನ್‌ಪುಟ್ ಇನ್ನೂ ನೋಡಿಲ್ಲ, ಟರ್ನ್‌ಟೇಬಲ್ ಒಂದು ಸಾಲ ಕೇಳಿದ್ದೇನೆ. ಬ್ಯಾಲೆನ್ಸ್ ನಾಬು ನಡುವಿನಲ್ಲಿ ಈಗಲೂ ಒಮ್ಮೊಮ್ಮೆ ಕರಕರ ಅನ್ನುತ್ತದೆ, ಇನ್ನೊಮ್ಮೆ ಸ್ಪ್ರೇ ಬೇಕು. ಮೇ ತಿಂಗಳ ಗುಡುಗು ಶುರುವಾಗುವ ಮೊದಲು ಆಂಟೆನಾ ವಯರಿಗೆ ಸುಲಭವಾಗಿ ಕಳಚುವ ಒಂದು ಸಾಕೆಟ್ ಹಾಕಬೇಕು.